ಗೊರಿಲ್ಲಗಳ ಮನೆಯಲ್ಲಿ ಎಷ್ಟು ದಿನ?

ಎಲ್ಲಿಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ವಾಪಸು ಹೊರಡುವ ಗಾಡಿ ಎಷ್ಟು ಹೊತ್ತಿಗೆ ಎಂದು ವಿಚಾರಿಸುವ ಜಾತಿಯವನು ನಾನು. ಮದುವೆಗೆ ಹೋದರೆ ಊಟದ ಮೊದಲ ಪಂಕ್ತಿ, ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಸೀಟು. ಅತಿಥಿ ಎಂದರೆ ಬರುವ ತಿಥಿ ಗೊತ್ತಿಲ್ಲದವನು ಎಂದು ನಮ್ಮ ಸಂಸ್ಕೃತದ ಮೇಷ್ಟರು ಹೇಳುತ್ತಿದ್ದರು. ನಾನು ಬರುವ ತಿಥಿಯ ಜೊತೆಗೆ ಹೋಗುವ ತಿಥಿಯನ್ನೂ ಹೇಳಿಯೇ ಒಳಗೆ ಕಾಲಿಡುವವನು. ಇಂಥವನ ಕೈಗೆ ಪ್ರವಾಸದ ಏರ್ಪಾಡು ಕೊಡಬಾರದು. ಆದರೆ ನಮ್ಮ ಮನೆಯಲ್ಲಿ ಆ ಖಾತೆ ಮೊದಲಿನಿಂದ ನನ್ನದೇ. ಯಾರು ಕೊಟ್ಟರೋ ನೆನಪಿಲ್ಲ. ನಾನೇ ತೆಗೆದುಕೊಂಡೆ ಎನ್ನುತ್ತಾಳೆ ನನ್ನ ಹೆಂಡತಿ ಶೈಲಾ.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಒಣರೊಟ್ಟಿಗೆ ಬೆಣ್ಣೆ ಸವರುತ್ತ ಅವಳು, "ಈ ಬೇಸಿಗೆ ಗೊರಿಲ್ಲ ನೋಡಕ್ಕೆ ಹೋಗೋಣ ರೀ" ಎಂದಳು. ಅವಳಿಗೆ ಇದು ಹಳೆಯ ಆಸೆ. ಸ್ವೀಡನ್ನಿನಲ್ಲಿ ನಾವಿರುವ ವೆಸ್ಟೆರಾಸ್ ಊರಿನ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅವಳಿಗೆ ಕೆಲಸ. ಅಲ್ಲಿನ ಗೋಡೆಯ ಮೇಲೆ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿ ಗೊರಿಲ್ಲದ ಚಿತ್ರವಿದೆ. ವರ್ಷಗಟ್ಟಲೆ ಅದರ ಕೆಳಗೇ ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತು ಎದ್ದು ಮಾಡಿ ಅವಳ ಮಂಡಿ ಸವೆದಿದೆ. ಡಾಕ್ಟರು ನೋಡಿ, "ಸದ್ಯಕ್ಕೆ ಬೆಟ್ಟ ಹತ್ತಬಹುದು" ಎಂದಿದ್ದರು. ನನಗೆ ಕೇಳಿಸಿದ್ದು 'ಹತ್ತಬಹುದು'. ಅವಳಿಗೆ ಕೇಳಿಸಿದ್ದು 'ಸದ್ಯಕ್ಕೆ'.

ಇಲ್ಲಿ ಬೇಸಿಗೆಯ ರಜೆಯನ್ನು ಹಿಮ ಬೀಳುತ್ತಿರುವಾಗಲೇ ಆಫೀಸಿಗೆ ಹೇಳಬೇಕು. ಅದೂ ತಾರೀಖಿನಲ್ಲಲ್ಲ, ವರ್ಷದ ಎಷ್ಟನೆಯ ವಾರ ಎಂದು. ಆದರೆ ನಮ್ಮಂಥ ಕನ್ನಡದವರ ರಜೆ ನಮ್ಮದಲ್ಲ, ಅದು ಬೆಂಗಳೂರಿನದು. ಯಾರ ಮದುವೆ, ಯಾರ ಷಷ್ಟಿಪೂರ್ತಿ ಎಂದು ಅಲ್ಲಿಂದಲೇ ತೀರ್ಮಾನವಾಗಿ ಬರುತ್ತದೆ. ಈ ಸಲ ಶೈಲಾಳ ತಮ್ಮ ಪ್ರಕಾಶನ ಹೊಸ ಮನೆ. ಆಷಾಢ ಕಳೆದು ಶ್ರಾವಣ ಹುಟ್ಟಿದೊಡನೆ ಗೃಹಪ್ರವೇಶ. ನಾನು ಭೂಪಟ ಹರಡಿ ಸ್ಕೇಲಿಟ್ಟು ನೋಡಿದೆ. ಸ್ವೀಡನ್ನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಬಲಕ್ಕೆ ತಿರುಗಿದರೆ ಉಗಾಂಡ! ಮೈಸೂರಿನಿಂದ ಊಟಿಗೆ ಹೋಗುವಾಗ ನಂಜನಗೂಡಿಗೆ ಕೈಮುಗಿದು ಹೋಗುವುದಿಲ್ಲವೇ, ಹಾಗೆ.

ಅಲ್ಲಿನ ಅರಣ್ಯ ಇಲಾಖೆಯ ನಿಯಮವೂ ನನ್ನ ಕಡೆಗೇ ಇತ್ತು. ಗುಡ್ಡ ಹತ್ತಿ, ಗೊರಿಲ್ಲಗಳ ಸಂಸಾರವನ್ನು ಹುಡುಕಿ, ಎದುರು ನಿಂತ ಮೇಲೆ ಒಂದು ಗಂಟೆ ಮಾತ್ರ ನೋಡಬಹುದು. ಆಮೇಲೆ ಎಬ್ಬಿಸಿ ಕಳಿಸುತ್ತಾರೆ. ಇದು ತಿರುಪತಿಯೇ! ರಾತ್ರಿ ಬಸ್ಸು, ಬೆಳಗ್ಗೆ ದರ್ಶನ, ಲಾಡು, ಸಂಜೆಗೆ ಮನೆ. ಗರ್ಭಗುಡಿಯಲ್ಲಿ ಕ್ಷಣವೂ ನಿಲ್ಲಗೊಡದ ದೇವರಿಗೆ ಹೋಲಿಸಿದರೆ ಗೊರಿಲ್ಲ ಧಾರಾಳಿ. ಇಳಿದ ಮರುದಿನ ಹತ್ತುವುದು, ಅದರ ಮರುದಿನ ವಿಮಾನ. ನನ್ನ ಯೋಜನೆ ಸಿದ್ಧವಾಯಿತು.

"ಅವತ್ತು ಮಂಡಿ ಹಿಡ್ಕೊಂಡ್ರೆ?" ಎಂದಳು ಶೈಲಾ.

"ಕುರ್ಚೀಲಿ ಕೂರಿಸಿ ಹೊತ್ಕೊಂಡು ಹೋಗ್ತಾರಂತೆ."

"ನಾನೇನು ಉತ್ಸವಮೂರ್ತಿನಾ? ಸರಿ, ಅವತ್ತು ನೆಗಡಿ ಬಂದ್ರೆ?"

ನಮ್ಮ ನೆಗಡಿ ಗೊರಿಲ್ಲಗಳಿಗೆ ಅಂಟುತ್ತದೆ. ಸೀನುವವರನ್ನು ಗುಡ್ಡದ ಬುಡದಲ್ಲೇ ನಿಲ್ಲಿಸುತ್ತಾರೆ. ದಾಗಿಸ್‌ನಲ್ಲಿ ಕೆಲಸ ಮಾಡುವವರಿಗೆ ನೆಗಡಿ ಸಂಬಳದ ಭಾಗವೇ. ಅವಳಿಗೆ ಬೇಕಾಗಿದ್ದದ್ದು ಮೊದಲು ಒಂದು ದಿನ ವಿಶ್ರಾಂತಿ, ಆಮೇಲೆ ಹತ್ತಲಾಗದಿದ್ದರೆ ಇನ್ನೊಂದು ಸಲ ಹತ್ತಿ ನೋಡಲು ಬಿಡುವು. ಇರುವಷ್ಟು ರಜೆಯಲ್ಲಿ ಹಾಗೆ ಮಾಡಿದರೆ ಗೃಹಪ್ರವೇಶ ತಪ್ಪುತ್ತದೆ.

ನಾನು ಬ್ರಹ್ಮಾಸ್ತ್ರ ತೆಗೆದೆ. "ಕಾಡಲ್ಲಿ ಹೆಚ್ಚು ದಿನ ಇದ್ರೆ ಹೆಚ್ಚು ಕಾಣುತ್ತೆ ಅನ್ನೋದು ಸುಳ್ಳು. ನಾಗರಹೊಳೇಲಿ ನಾವಿದ್ದಿದ್ದು ಅರ್ಧ ದಿನ. ಆನೆ ಹಿಂಡು ಕಾಣಲಿಲ್ವಾ?"

ಮದುವೆಯಾದ ಹೊಸತರಲ್ಲಿ ಹೋಗಿದ್ದ ಪ್ರವಾಸ ಅದು. ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಬಿದಿರುಮೆಳೆ, ಮುಂದೆ ದೊಡ್ಡ ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ.

ಶೈಲಾ ಚಾಕು ಕೆಳಗಿಟ್ಟಳು. "ಯಾವ ಹಿಂಡು ರೀ? ನಾವು ಕಂಡಿದ್ದು ಆನೆ ಲದ್ದಿ. ಇನ್ನೂ ಹಬೆಯಾಡ್ತಿತ್ತು. ಇಲ್ಲೇ ಎಲ್ಲೋ ಇವೆ, ಸ್ವಲ್ಪ ನಿಲ್ಲೋಣ ಅಂದೆ ನಾನು. ನೀವು ಬಸ್ಸು ತಪ್ಪುತ್ತೆ ಅಂದ್ರಿ."

ವಿಶ್ವವಿದ್ಯಾಲಯದಲ್ಲಿ ಓದಿದ್ದರಿಂದ ನನಗೆ ಆದ ಲಾಭ ಒಂದೇ: ಯಾರು ಏನು ಹೇಳಿದರೂ ಆಧಾರ ಕೇಳುತ್ತೇನೆ. ನೆನಪೆನ್ನುವುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ನಿನ್ನೆಯ ಸಾರಿಗೆ ಇವತ್ತು ಹಾಕುವ ಒಗ್ಗರಣೆ ಎಂದು ಗೆಳೆಯರಿಗೆ ಎಷ್ಟೋ ಸಲ ಉಪನ್ಯಾಸ ಕೊಟ್ಟಿದ್ದೇನೆ. ಅದು ಉಳಿದವರ ನೆನಪಿನ ವಿಷಯ ಎಂದುಕೊಂಡಿದ್ದೆ. ಈಗ ನನ್ನ ಆನೆಗಳ ಆಧಾರ ಹುಡುಕಿದೆ. ಮರಿಯಾನೆಯನ್ನು ಎಲ್ಲಿಂದ ತಂದೆನೋ, ಯಾವ ಕ್ಯಾಲೆಂಡರಿನಿಂದ ಇಳಿಸಿಕೊಂಡೆನೋ, ಹೇಳಲಾರೆ. ಅವಳ ನೆನಪೇ ತಪ್ಪಿರಬಹುದು ಎಂದೂ ವಾದಿಸಬಹುದಿತ್ತು. ಆದರೆ ಬಸ್ಸಿನ ಮಾತು ನನ್ನದೇ ಎನ್ನಲು ಸಾಕ್ಷಿ ಬೇಕಿರಲಿಲ್ಲ. ಅರ್ಧ ದಿನ ಸಾಕು ಎನ್ನುವ ನನ್ನ ಸಿದ್ಧಾಂತವೆಲ್ಲ ಇಷ್ಟು ವರ್ಷ ಲದ್ದಿಯ ಮೇಲೆ ನಿಂತಿತ್ತು.

ಮರುದಿನ ಆಫೀಸಿನ ಫೀಕಾದಲ್ಲಿ, ಕಾಫಿ ಕುಡಿಯುತ್ತ, ನಮ್ಮ ಮೇಲಧಿಕಾರಿ ಯೋರಾನ್‌ನನ್ನು ಸುಮ್ಮನೆ ಕೇಳಿದೆ. ಅವನು ಪ್ರತಿ ಬೇಸಿಗೆ ನಾಲ್ಕು ವಾರ ಕೆರೆಯ ದಂಡೆಯಲ್ಲಿರುವ ಅದೇ ಮರದ ಮನೆಗೆ ಹೋಗುತ್ತಾನೆ.

"ಅಷ್ಟು ದಿನ ಅಲ್ಲಿ ಏನು ನೋಡ್ತೀಯಾ?"

ಅವನು ಬಹಳ ಹೊತ್ತು ಯೋಚಿಸಿದ. "ಏನೂ ಇಲ್ಲ" ಎಂದ. "ಅದಕ್ಕೇ ನಾಲ್ಕು ವಾರ ಬೇಕಾಗುತ್ತೆ."

ಆ ಸಂಜೆ ಪ್ರಕಾಶನಿಗೆ ನಾನೇ ಫೋನು ಮಾಡಿ ಗೃಹಪ್ರವೇಶಕ್ಕೆ ಬರಲಾಗುವುದಿಲ್ಲ ಎಂದು ಹೇಳಿದೆ. ಅಕ್ಕನ ಮಂಡಿಯ ವಿಷಯವನ್ನೂ ಹೇಳಿದೆ.

"ಅಲ್ಲ ಭಾವ, ನಮ್ಮ ಮನೆಗೆ ಬರದೆ ಗೊರಿಲ್ಲಗಳ ಮನೆಗೆ ಹೋಗ್ತೀರಲ್ಲ, ಅವರೂ ನಿಮಗೆ ಹೆಣ್ಣು ಕೊಟ್ಟೋರಾ?" ಎಂದ. ಆಮೇಲೆ ದನಿ ತಗ್ಗಿಸಿ, "ಅಕ್ಕನ್ನ ನಿಧಾನವಾಗಿ ಹತ್ತಿಸಿ. ನೀವು ಮುಂದೆ ಓಡ್ಬೇಡಿ" ಎಂದ.

ಹೀಗೆ ವಿಶ್ರಾಂತಿಗೆ ದಿನ ಸಿಕ್ಕಿತು, ಎರಡನೆಯ ಪ್ರಯತ್ನಕ್ಕೂ ಸಿಕ್ಕಿತು, ಕೊನೆಗೆ ಯಾತಕ್ಕೂ ಅಲ್ಲದ ಒಂದೆರಡು ದಿನಗಳೂ ಸೇರಿಕೊಂಡವು. ಶೈಲಾ ಎಲ್ಲ ಕೇಳಿ, "ಮೊದಲನೇ ದಿನಾನೇ ಕಂಡುಬಿಟ್ರೆ ಮಿಕ್ಕ ದಿನ ನೀವೇನ್ ಮಾಡ್ತೀರಿ?" ಎಂದಳು. ಗಮನಿಸಿ, 'ನಾವೇನು ಮಾಡೋಣ' ಎನ್ನಲಿಲ್ಲ.

"ಸುಮ್ನೆ ಕೂತಿರ್ತೀನಿ."

"ನೀವಾ?" ಎಂದವಳು ನಕ್ಕ ನಗೆಗೆ ಕೆಳಗಿನ ಮನೆಯವರಿಗೂ ಎಚ್ಚರವಾಗಿರಬೇಕು. ಮನುಷ್ಯರನ್ನು ಒಂದು ಗಂಟೆಗಿಂತ ಹೆಚ್ಚು ಸಹಿಸಬೇಕಾಗಿಲ್ಲ ಎಂದು ಗೊರಿಲ್ಲಗಳ ಪರವಾಗಿ ಯಾರೋ ಪುಣ್ಯಾತ್ಮರು ನಿಯಮ ಮಾಡಿದ್ದಾರೆ. ಶೈಲಾಳ ಪರವಾಗಿ ಯಾರೂ ಮಾಡಲಿಲ್ಲ.

ಆದ್ದರಿಂದ ಈಗ ಅಭ್ಯಾಸ ನಡೆದಿದೆ. ಊಟವಾದ ಮೇಲೆ ಮೇಲರನ್ ಸರೋವರದವರೆಗೆ ನಡೆಯುತ್ತೇವೆ. ನಡಿಗೆ ಅವಳ ಮಂಡಿಗೆ, ದಂಡೆಯ ಬೆಂಚು ನನಗೆ. ಮಂಜುಗಡ್ಡೆ ಕರಗಿ ನೀರು ಕಾಣುತ್ತಿದೆ, ನೋಡುವಂಥದ್ದು ಬೇರೇನೂ ಇಲ್ಲ. ನಿನ್ನೆ ಕೂತಲ್ಲಿ ಕೈಗಡಿಯಾರವನ್ನೇ ನೋಡಲಿಲ್ಲ ಎಂದು ಬರೆಯುವ ಆಸೆ. ಎರಡು ಸಲ ನೋಡಿದೆ. ಮೂರನೆಯ ಸಲ ನೋಡಹೋದಾಗ ಅದರ ಮೇಲೆ ಅವಳ ಕೈ ಇತ್ತು.