ಒಂದು ವಾರವನ್ನು ನಾನು ಬೇಸಿಗೆಯವರೆಗೆ ಎಳೆದೆ

ಗಿರಿಜಕ್ಕ, ಡಾಕ್ಟರು ಹೇಳಿದ್ದು ಒಂದು ವಾರ. ನಾನು ನಿಮಗೆ ಹೇಳಿದ್ದು ಬೇಸಿಗೆ ರಜ ಬರುವವರೆಗೆ. ನಡುವಿನ ಅಷ್ಟೂ ತಿಂಗಳು ನನ್ನ ಸುಳ್ಳು — ಇನ್ಯಾರದೂ ಅಲ್ಲ.

ನೀವು ನನ್ನ ಗಂಡನ ಅಕ್ಕ, ಆಗ ತಿಪಟೂರಿನ ನಮ್ಮ ಮನೆಯಲ್ಲೇ ಇದ್ದಿರಿ. ನಾನು ತುರುವೇಕೆರೆಯ ಶಾಲೆಗೆ ಪಾಠ ಹೇಳಲು ಬಸ್ಸು ಹತ್ತಿದರೆ ಸಂಜೆಯವರೆಗೆ ನನ್ನ ನಂದಿನಿ ನಿಮ್ಮ ಮಡಿಲಲ್ಲಿ. ಜಡೆ ಹಾಕಿದ್ದು, ಉಣ್ಣಿಸಿದ್ದು, ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ತಿಳಿಯುವುದನ್ನು ಕಲಿಸಿದ್ದು — ಎಲ್ಲ ನೀವೇ. ನಾನು ಬಂದು ಕೈ ಚಾಚಿದರೆ ಅವಳು ನಿಮ್ಮ ಸೆರಗಿನ ಹಿಂದೆ ಅಡಗುತ್ತಿದ್ದಳು. "ಅಮ್ಮ ಬಂದ್ಳು ಕಣೇ, ಹೋಗು" ಎಂದು ನೀವು ಅವಳನ್ನು ಮೆಲ್ಲಗೆ ನನ್ನತ್ತ ನೂಕುತ್ತಿದ್ದಿರಿ. ನನ್ನ ಮಗಳನ್ನು ನನಗೇ ಯಾರೋ ಕೊಡಬೇಕಾಯಿತಲ್ಲ ಎಂದು ಒಳಗೊಳಗೇ ಉರಿಯುತ್ತಿದ್ದೆ — ನಿಮಗೆ ಅದು ತಿಳಿದಿರಲಿಲ್ಲ. ನಾನು ತೋರಿಸಿಕೊಳ್ಳಲೂ ಇಲ್ಲ.

ಆಮೇಲೆ ನಿಮಗೆ ರಕ್ತದ ಕ್ಯಾನ್ಸರ್ ಬಂತು. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡು ನೀವು ತಿಪಟೂರಿಗೆ ಮರಳಿದಾಗ ತಲೆಯಲ್ಲಿ ಕೂದಲಿರಲಿಲ್ಲ, ನಗು ಮಾತ್ರ ಹಾಗೇ ಇತ್ತು. ಸೋಂಕು ತಗಲಬಾರದೆಂದು ನಮ್ಮ ಮನೆಯ ಎದುರಿಗೇ ನಿಮಗೊಂದು ಬೇರೆ ಮನೆ ಹಿಡಿದೆವು. ಆರು ವರ್ಷದ ನಂದಿನಿ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ದಿನಾ ಸಂಜೆ ನಿಮ್ಮಲ್ಲಿಗೆ ಓಡುತ್ತಿದ್ದಳು.

ಆ ಚಳಿಗಾಲ ಅವಳಿಗೆ ಫ್ಲೂ ಲಸಿಕೆ ಹಾಕಿಸಲು ಹೋದೆ — ನಿಮ್ಮ ಒಳ್ಳೆಯದಕ್ಕೇ, ಅಷ್ಟು ನಿಜ. ಸೂಜಿ ಕಂಡು ಅವಳು ಕಿರುಚಿದಳು. ಮೂಗಿಗೆ ಸಿಂಪಡಿಸುವ ಲಸಿಕೆ ಇದೆಯಲ್ಲ ಎಂದೆ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದೆಯೇ ಎಂದು ಡಾಕ್ಟರು ಕೇಳಿದರು. ನಿಮ್ಮ ವಿಷಯ ಹೇಳಿದೆ.

"ಅದರಲ್ಲಿರೋದು ಜೀವ ಇರೋ ವೈರಸ್ಸು ಕಣ್ರೀ, ಶಕ್ತಿ ಕುಂದಿಸಿರ್ತಾರೆ. ಕೆಲವು ದಿನ ಮಗು ಮೂಗಿಂದ ಸ್ವಲ್ಪ ಆಚೆ ಬರ್ಬೋದು. ಬೇರೆಯವರಿಗೆ ಹರಡೋದು ತೀರಾ ಅಪರೂಪ. ಆದ್ರೂ ಕಸಿ ಆದೋರು ಹತ್ರ ಇದ್ರೆ ಸೂಜಿನೇ ವಾಸಿ."

ಅವರದು ಬೇರೆ ಮನೆ, ದೂರ ಇಡುತ್ತೇನೆ ಎಂದೆ. "ಹಂಗಾದ್ರೆ ಒಂದು ವಾರ ಕಳಿಸ್ಬೇಡಿ" ಎಂದು ಹೇಳಿ ಮೂಗಿಗೇ ಲಸಿಕೆ ಸಿಂಪಡಿಸಿದರು. ಅಪಾಯ ಎಷ್ಟೇ ಸಣ್ಣದಿರಲಿ, ಅದು ನಿಮ್ಮದು. ತೀರ್ಮಾನ ಮಾತ್ರ ನಾನು ಮಾಡಿದೆ. ಫೋನಿನಲ್ಲಿ ನಿಮ್ಮನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು; ಹಾಕಿಸಿ ಬಂದ ಮೇಲಷ್ಟೇ ತಿಳಿಸಿದೆ.

ಆ ವಾರದ ಸಂಜೆಗಳಲ್ಲಿ ನಂದಿನಿಗೆ ನಾನೊಬ್ಬಳೇ ಇದ್ದೆ. ಜಡೆ ಹಾಕಲು ನನ್ನ ಮುಂದೆಯೇ ಕುಳಿತಳು, ನನ್ನ ತೊಡೆಯ ಮೇಲೆಯೇ ನಿದ್ದೆ ಹೋದಳು. ವಾರ ಮುಗಿದ ಮೇಲೆ ನೀವು ನಿಮ್ಮ ಬಾಗಿಲಲ್ಲಿ ನಿಂತು ಕೇಳಿದಿರಿ, "ಇನ್ನೆಷ್ಟು ದಿನ ಕಣೇ?"

"ಡಾಕ್ಟ್ರು ಬೇಸ್ಗೆ ರಜದವರ್ಗೂ ಬೇಡ ಅಂದವ್ರೆ ಅಕ್ಕ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ನೀವು ಕೇಳಿದ್ದು ಇಷ್ಟೇ: "ಮಗೀಗೇನೂ ತೊಂದ್ರೆ ಇಲ್ವಲ್ಲ? ಅಷ್ಟು ಸಾಕು ಬುಡು."

ನನ್ನ ಹಿಂದೆ ನಂದಿನಿ ನಿಂತಿದ್ದಳು. ಮಲಗುವಾಗ ಕೇಳಿದಳು, "ನನ್ನ ಮೂಗಲ್ಲಿ ಅತ್ತೆ ಸಾಯೋ ಹುಳ ಐತಾ ಅಮ್ಮ?" ಹಾಗೆಲ್ಲ ಇಲ್ಲ, ಮಲಗು ಎಂದೆ. ದೂರ ಇರಬೇಕಾದ ವಾರ ಮುಗಿಯಿತು ಎಂಬ ನಿಜ ಹೇಳಿದ್ದರೆ ಬೆಳಗ್ಗೆಯೇ ನಿಮ್ಮಲ್ಲಿಗೆ ಓಡುತ್ತಿದ್ದಳು, ಅದಕ್ಕೇ ಹೇಳಲಿಲ್ಲ. ನೀವು ಜಗಲಿಯಿಂದ ಕೈಬೀಸಿದರೆ ಅವಳು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಗೋಡೆಯತ್ತ ತಿರುಗುತ್ತಿದ್ದಳು. ಅದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ.

ರಜ ಬಂತು. ಇನ್ನು ಹೋಗು ಎಂದರೆ ಅವಳು ಬೀದಿ ದಾಟಲಿಲ್ಲ. ನೀವು ನಕ್ಕಿರಿ, "ಮಕ್ಳು ದೊಡ್ಡವಾಯ್ತವೆ ಕಣೇ, ನಮ್ಮ ಸೆರಗೇ ಹಿಡ್ಕಂಡಿರ್ತವಾ." ಚೇತರಿಸಿಕೊಂಡ ಮೇಲೆ ಚಿಕ್ಕನಾಯಕನಹಳ್ಳಿಯ ನಿಮ್ಮ ಮನೆಗೆ ಹೊರಟುಹೋದಿರಿ. ಇವತ್ತಿಗೂ ಹಬ್ಬಕ್ಕೆ ಬಂದರೆ ಅವಳು ನಿಮ್ಮ ಕಾಲು ಮುಟ್ಟಿ ತಟ್ಟನೆ ಹಿಂದೆ ಸರಿಯುತ್ತಾಳೆ. ಸಂಕೋಚದ ಹುಡುಗಿ ಎಂದು ನೀವು ಎಲ್ಲರಿಗೂ ಹೇಳುತ್ತೀರಿ.

ಈಗ ಅವಳು ಹೈಸ್ಕೂಲು. ಮೊನ್ನೆ ಲಸಿಕೆಯ ಪಾಠ ಕೇಳಿ ಬಂದವಳು ಕೇಳಿದಳು, "ಅಮ್ಮ, ನಂಗೆ ಮೂಗಿಗೆ ಹಾಕ್ಸಿದ್ಯಲ್ಲ, ಅದು ಅಷ್ಟು ತಿಂಗಳು ಇರುತ್ತಾ?"

ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. "ಹಂಗಾದ್ರೆ ಆಗ ಅತ್ತೆ ಹತ್ರ ಹೋಗ್ಬೋದಿತ್ತಾ?"

ಹೋಗಬಹುದಿತ್ತು ಎಂದೆ.

ನಾಳೆ ಭಾನುವಾರ, ಇಬ್ಬರೂ ಬರುತ್ತಿದ್ದೇವೆ ಅಕ್ಕ. ಈ ಮಾತನ್ನು ಫೋನಿನಲ್ಲಿ ಮುಗಿಸುವ ಯೋಚನೆ ಬಂದಿತ್ತು, ಬೇಡವೆಂದೆ. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ನಿಮ್ಮ ಎದುರು ಕುಳಿತೇ ಹೇಳಬೇಕು. ಕ್ಷಮಿಸಿ ಎಂದು ಕೇಳುವುದಿಲ್ಲ — ನೀವು "ಬುಡು" ಎಂದುಬಿಡುತ್ತೀರಿ, ಅಷ್ಟು ಸುಲಭಕ್ಕೆ ಅದು ನನಗೆ ಸಿಗಬಾರದು. ಬಾಗಿಲು ತೆಗೆದಾಗ ಮೊದಲು ಅವಳನ್ನು ಒಳಗೆ ಕರೆದುಕೊಳ್ಳಿ. ನೀವು ಕರೆಯುವವರೆಗೆ ನಾನು ಹೊರಗೆ ಜಗಲಿಯ ಮೇಲೆ ಕುಳಿತಿರುತ್ತೇನೆ.