ಮೊಲಗಳ ಕೋಣೆಯ ಬಾಗಿಲು

ಸತ್ತವರು ಸದ್ದು ಮಾಡುತ್ತಾರೆಂದರೆ ನಾನು ನಂಬುತ್ತಿದ್ದವಳಲ್ಲ. ಈಗಲೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಆ ಕೊನೆಯ ಸಂಜೆ ನನ್ನ ಗಂಡ ಎಂದಿನಂತೆ ಮಾರಿಕುಪ್ಪಂ ರೈಲಿನಲ್ಲಿ ಬಂದು, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಮನೆ ಬಾಗಿಲನ್ನು ಮೂರು ಸಲ ತಟ್ಟಿದರು. ಎರಡು ಬೇಗ, ಒಂದು ತಡೆದು. ಬಾಗಿಲು ತೆರೆದಿದ್ದರೂ ಹಾಗೆ ತಟ್ಟಿಯೇ ಬರುತ್ತಿದ್ದರು.

ಬಂಗಾರಪೇಟೆ ಹತ್ತಿರದ ಔಷಧ ಸಂಶೋಧನಾಲಯವೊಂದರಲ್ಲಿ ಪ್ರಯೋಗದ ಮೊಲಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಸೇರಿದ ಹೊಸದರಲ್ಲಿ ಒಮ್ಮೆ ಬಾಗಿಲನ್ನು ದಡಕ್ಕನೆ ತೆರೆದಾಗ, ಬೆದರಿದ ಮೊಲವೊಂದು ಒದ್ದಾಡಿ ಬೆನ್ನುಮೂಳೆ ಮುರಿದುಕೊಂಡಿತ್ತು. ಅಂದಿನಿಂದ ಗಣಿಯಲ್ಲಿದ್ದ ತಮ್ಮ ತಂದೆಯ ರೂಢಿ ಹಿಡಿದು, ಮೂರು ಸಲ ತಟ್ಟಿಯೇ ಬಾಗಿಲು ತೆರೆಯುತ್ತಿದ್ದರು. ಮನುಷ್ಯರನ್ನು ಗಣಿಯೊಳಕ್ಕೆ ಇಳಿಸುವ ಮುನ್ನ ಅಲ್ಲಿ ಮೂರು ಸಲ ಗಂಟೆ ಬಾರಿಸುತ್ತಿದ್ದರಂತೆ.

"ನಾನು ತಟ್ಟಿದ್ರೆ ಎಲ್ಲಾ ಮುಂದಕ್ಕೆ ಬತ್ತವೆ ಕಣೇ," ಎಂದರು ಅಂದು ರಾತ್ರಿ ಊಟಕ್ಕೆ ಕೂತು. "ನಿನ್ಗಿಂತ ವಾಸಿ. ನೀನು ಎದ್ದೂ ಬರಲ್ಲ."

ನಾನು ನಕ್ಕೆ. ಮಾರನೆಯ ಬೆಳಿಗ್ಗೆ ಅವರು ಪ್ಲಾಟ್‌ಫಾರ್ಮಿನಲ್ಲೇ ಕುಸಿದು ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮೇಲೆ ಅವರ ಸಾಮಾನು ತರಲು ಸಂಶೋಧನಾಲಯಕ್ಕೆ ಹೋದೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಮುನಿರಾಜು ಸಪ್ಪಗಿದ್ದ.

"ಒಂದು ಮೊಲ ಸರ್ಯಾಗಿ ತಿಂತಿಲ್ಲ ಅಕ್ಕಾ. ತೂಕ ಇಳಿದೋಗದೆ. ಇವತ್ತೂ ಮುಟ್ಟದಿದ್ರೆ, ನರಳೋದು ಬ್ಯಾಡ ಅಂತ ಡಾಕ್ಟ್ರು ಸಂಜೆ ಇಂಜೆಕ್ಷನ್ ಕೊಟ್ಟು ಜೀವ ತೆಗ್ದುಬಿಡ್ತಾರೆ. ನಾನು ತಟ್ಟಿದ್ರೆ ತಿರುಗೂ ನೋಡಲ್ಲ. ನೀವೊಂದ್ಸಲ ಅಣ್ಣನಂಗೆ ತಟ್ಟಿ ನೋಡ್ರಿ."

ಡಾಕ್ಟರು ಒಪ್ಪಿದರು. ಅವರು ಕೊಟ್ಟ ಗೌನು, ಕಾಲುಚೀಲ ತೊಟ್ಟು ಮೊಲಗಳ ಕೋಣೆಯ ಬಾಗಿಲ ಮುಂದೆ ನಿಂತೆ. ಗಾಜಿನ ಕಿಂಡಿಯಲ್ಲಿ ಆ ಮೊಲ ಕಾಣುತ್ತಿತ್ತು. ಮೂಲೆಗೆ ಮುಖ ಹಾಕಿ ಕುಳಿತಿತ್ತು. ಕೈ ಎತ್ತಿದೆ. ಬೆರಳು ಬಾಗಿಲಿಗೆ ಇನ್ನೂ ತಾಕಿರಲಿಲ್ಲ, ಸದ್ದು ಕೇಳಿಸಿತು. ಎರಡು ಬೇಗ, ಒಂದು ತಡೆದು.

ಒಳಗೆ ಉಳಿದ ಮೊಲಗಳೆಲ್ಲ ಕಿವಿ ನಿಮಿರಿಸಿ ಮುಂದಕ್ಕೆ ಬಂದವು. ಕಡೆಗೆ ಮೂಲೆಯ ಮೊಲವೂ ತಿರುಗಿತು. ನಿಧಾನವಾಗಿ ಬಂದು ಹುಲ್ಲಿಗೆ ಬಾಯಿ ಹಾಕಿತು.

"ಥೇಟ್ ಅಣ್ಣನಂಗೇ ತಟ್ಟಿದ್ರಿ ಅಕ್ಕಾ," ಎಂದ ಮುನಿರಾಜು, ನನ್ನ ಬೆನ್ನ ಹಿಂದಿನಿಂದ.

ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಅದು ನನ್ನ ಮನಸ್ಸಿನ ಸದ್ದಾಗಿದ್ದರೆ ಮುನಿರಾಜುವಿಗೆ ಹೇಗೆ ಕೇಳಿಸಿತು? ಮೊಲಗಳಿಗೆ ಹೇಗೆ ಕೇಳಿಸಿತು? ವರ್ಷಗಳಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆ ಮೊಲಕ್ಕೆ ಅಂದು ಇಂಜೆಕ್ಷನ್ ಕೊಡಲಿಲ್ಲ, ಅದು ಚೇತರಿಸಿಕೊಂಡಿತು.

ಸಂಜೆ ರೈಲಿನ ಹೊತ್ತಿಗೆ ನಾನೀಗ ಬಾಗಿಲು ಮುಂದೆ ಮಾಡಿ, ಹತ್ತಿರದಲ್ಲೇ ಕೂರುತ್ತೇನೆ. ನಮ್ಮ ಮನೆಯ ಬಾಗಿಲಿಗೆ ಆ ಸದ್ದು ಇನ್ನೂ ಬಂದಿಲ್ಲ.