ಅವ್ವ ಕೂತರೆ ಮಾತ್ರ ಕೆಡುವ ಎ.ಸಿ.

ಅಕ್ಕನ ಕಾರಿನ ಎ.ಸಿ.ಯನ್ನು ಬೈದಷ್ಟು ನಾನು ಜನ್ಮದಲ್ಲಿ ಯಾರನ್ನೂ ಬೈದಿಲ್ಲ. ನನ್ನ ಬಾಯಿ ಮೊದಲೇ ಸರಿಯಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ, ಹೇಳಿಕೊಳ್ಳಲಿ. ಬೇಸಿಗೆಯ ಮಟಮಟ ಮಧ್ಯಾಹ್ನ, ದೇವದುರ್ಗದಿಂದ ರಾಯಚೂರಿಗೆ ಬರುವ ದಾರಿಯಲ್ಲಿ, ಗಾಜು ಏರಿಸಿಕೊಂಡ ಕಾರಿನೊಳಗೆ ಬಿಸಿಗಾಳಿ ಬೀಸಿದರೆ ಬಾಯಿ ಸರಿಯಿದ್ದವರೂ ಬೈಯುತ್ತಾರೆ.

ಆ ಕಾರನ್ನೇ ನಮ್ಮವ್ವನ ಕಣ್ಣು ನೆಚ್ಚಿಕೊಂಡಿತ್ತು. ಅವ್ವನ ಎಡಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು. ಕಲ್ಲೂರಿನ ಕಡೆ ಭತ್ತ ಬಡಿಯುವ ಕೂಲಿಗೆ ಹೋದಾಗ ಕಾಳಿನ ಮುಳ್ಳು ಚುಚ್ಚಿ, ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಕೆಲಸ ಮಾಡಿ, ಕೊನೆಗೆ ಕೀವಾಗಿ ಹೋಯಿತಂತೆ. ಉಳಿದ ಒಂದು ಕಣ್ಣಿನಲ್ಲೇ ನಾಟಿ ಮಾಡಿದಳು, ಕಳೆ ಕಿತ್ತಳು, ನಮ್ಮಿಬ್ಬರನ್ನೂ ಶಾಲೆಗೆ ಕಳಿಸಿದಳು. ಈಗ ಆ ಕಣ್ಣಿಗೂ ಪೊರೆ ಬಂದು ಬಲಿತಿತ್ತು. ಚಳಿಗಾಲದವರೆಗೆ ಕಾಯುವಂತಿಲ್ಲ ಎಂದರು ರಾಯಚೂರಿನ ಡಾಕ್ಟರು. ಮೊದಲು ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರಬೇಕು, ಆಮೇಲೆ ಆಪರೇಷನ್. ಅದಾದ ಮೇಲೆ ಕಣ್ಣಿಗೆ ಧೂಳು ತಾಗಬಾರದು, ಬೆವರು ಇಳಿಯಬಾರದು, ಕೈಯಂತೂ ಹಚ್ಚಲೇಬಾರದು. "ಇರೋದು ಒಂದೇ ಕಣ್ಣು, ನೆನಪಿಟ್ಟುಕೊಳ್ರಿ" ಎಂದು ಅವರು ನನ್ನ ಮುಖ ನೋಡಿಯೇ ಹೇಳಿದರು.

ಅವ್ವನನ್ನು ರಾಯಚೂರಿನ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ಒಮ್ಮೆ ಬಂದು ಆ ಮನೆ ನೋಡಬೇಕು. ಮೇಲೆ ತಗಡು, ಕಡಿದಾದ ಮೆಟ್ಟಿಲು, ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿಯಂತೆ ಬೇಯಬೇಕು. ದೇವದುರ್ಗದ ಅಕ್ಕನ ಮನೆಯಲ್ಲಿ ದಪ್ಪ ಗೋಡೆಯ ತಂಪು ಕೋಣೆಯಿತ್ತು. ಹಾಗಾಗಿ ತಪಾಸಣೆಗೆ, ಆಪರೇಷನ್ನಿಗೆ, ಮತ್ತೆ ತಪಾಸಣೆಗೆ, ಹೀಗೆ ಅವ್ವ ಆ ದಾರಿಯಲ್ಲಿ ಓಡಾಡಲೇಬೇಕಿತ್ತು.

ಅಕ್ಕ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ನಮ್ಮ ಓಣಿಯಲ್ಲಿ ಮೊದಲು ನೌಕರಿ ಹಿಡಿದ ಹೆಣ್ಣುಮಗಳು. ಅವಳ ಮುಂದೆ "ಆಗಂಗಿಲ್ಲ" ಎಂಬ ಮಾತು ಆಡಿದವನು ಕೆಟ್ಟ. ಅದು ಯಾಕೆ ಆಗುವುದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಹೇಳುವವನೇ ಸುಸ್ತಾಗಿ ಕೆಲಸ ಮಾಡಿಕೊಟ್ಟುಬಿಡುತ್ತಾನೆ. ಕಾರನ್ನು ಅವಳು ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರಿಂದ ಕೊಂಡಿದ್ದಳು. ಹಿಂದಿನ ಬಾಗಿಲುಗಳ ಗಾಜನ್ನು ಹಿಡಿಕೆ ತಿರುವಿ ಇಳಿಸಬೇಕಾದ ಹಳೇ ಗಾಡಿ. "ಬಾಡಿಗಿ ಗಾಡಿ ಮಾಡಿದ್ರಾತು" ಎಂದೆ. "ಗಾಡಿಯವನು ಯಾವಾಗ ಬರ್ತಾನಂತ ಕಾಯ್ಕೊಂತ ಕುಂದ್ರಲೇನು? ಯವ್ವನ ಕಣ್ಣಿನ ಮಾತದ. ನನ್ನ ಗಾಡಿ ತಣ್ಣಗಾಗ್ತದ, ನೋಡ್ತಿರು" ಎಂದಳು.

ಮೊದಲ ಸಲ ಅವ್ವನನ್ನು ಕರೆತಂದಾಗ ಊರು ದಾಟುವ ತನಕ ತಂಪಿತ್ತು, ಆಮೇಲೆ ಉಗುರುಬೆಚ್ಚಗಿನ ಗಾಳಿ. ಮುಂದಿನ ಭಾನುವಾರ ನಾನು ದೇವದುರ್ಗಕ್ಕೆ ಹೋದರೆ ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿ ಕಳಚಿಟ್ಟು, ಕಾರಿನೊಳಗೆ ಅರ್ಧ ಹೊಕ್ಕು ಮಲಗಿದ್ದಳು. ಒಳಗಿನಿಂದ ಎ.ಸಿ. ಫಿಲ್ಟರ್ ಎಳೆದಳು ನೋಡಿ, ಅಬ್ಬಬ್ಬಾ! ಭತ್ತದ ಹೊಟ್ಟು! ಗಿರಣಿಯ ಅಂಗಳದಲ್ಲಿ ವರ್ಷಗಟ್ಟಲೆ ನಿಂತ ಕಾರು, ಕೋಳಿಗೂಡಿಗೆ ಹಾಸುವಷ್ಟು ಹೊಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಬಾನೆಟ್ಟಿನ ಮುಂದಿನ ಜಾಲರಿಯಲ್ಲೂ ಅದೇ. "ಗಾಡಿಗೆ ಮೂಗು ಕಟ್ಟೇದಲೇ ತಮ್ಮಾ, ಪಾಪ, ಉಸುರ ಎಲ್ಲಿಂದ ಆಡಬೇಕು?" ಎನ್ನುತ್ತ ಅವಳು ಪೈಪು ಹಿಡಿದು, ಜಾಲರಿಯ ಎಲೆಗಳು ಬಾಗದಂತೆ ಮೆಲ್ಲಗೆ ನೀರು ಬಿಟ್ಟು ತೊಳೆದಳು. ಹೊಸ ಫಿಲ್ಟರ್ ಹಾಕಿದಳು. ಕಾರು ಶಿಮ್ಲಾದಂತಾಯಿತು. ನಾನು ಒಳಗೆ ಕೂತು ಕಾಲು ಚಾಚಿ, ಏಳುವ ಮನಸ್ಸಾಗದೆ ಹಾಗೇ ನಿದ್ದೆ ಹೋದೆ.

ಅವ್ವನನ್ನು ಕೂರಿಸಿಕೊಂಡು ಹೊರಟೆವು. ಮತ್ತೆ ಬಿಸಿ!

ಕಾರನ್ನು ಮಾನ್ವಿಗೆ ಒಯ್ದೆವು. ಸಾಹುಕಾರರು ಹೇಳಿದ ಎ.ಸಿ. ಮೆಕ್ಯಾನಿಕ್ ಅಲ್ಲಿದ್ದ. ವಯಸ್ಸಾದವನು, ಬಾಯಲ್ಲಿ ಸದಾ ಎಲೆಯಡಿಕೆ. ಮೀಟರು ಹಚ್ಚಿ ನೋಡಿ, ಕಡಿಮೆಯಾಗಿದ್ದ ಗ್ಯಾಸು ತುಂಬಿ, ಸೋರುತ್ತಿದ್ದ ಒಂದು ರಬ್ಬರ್ ಉಂಗುರ ಬದಲಿಸಿದ. "ಇನ್ನ ಸ್ವೆಟರ್ ಹಾಕ್ಕೊಂಡು ಕುಂದ್ರಬೇಕ್ರಿ ಮೇಡಂ" ಎಂದು ನಕ್ಕ. ನಿಜಕ್ಕೂ ಹಲ್ಲು ಕಟಕಟ ಎನ್ನುವಷ್ಟು ತಂಪು. ಅಕ್ಕ ಅದೇ ವಾರ ದಿನವೂ ಶಾಲೆಗೆ ಹಾಗೇ ತಂಪಾಗಿ ಹೋಗಿಬಂದಳು. ಅವ್ವನೊಂದಿಗೆ ರಾಯಚೂರಿಗೆ ಹೊರಟ ದಿನ ಗಬ್ಬೂರು ಬರುವುದರೊಳಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಆ ಮನುಷ್ಯ, "ಗಾಡಿ ತಗೊಂಡು ಬರ್ರಿ ಸಾಹೇಬ್ರೆ, ಮತ್ತೊಮ್ಮೆ ನೋಡಾಮು" ಎಂದಷ್ಟೇ ಹೇಳುತ್ತಿದ್ದ. ಅಕ್ಕ ಫೋನ್ ಕಸಿದುಕೊಂಡಳು. "ಅಣ್ಣಾರೆ, ನಿಮ್ಮ ಕೆಲಸ ಚಲೋ ಆಗೇದ. ಇವನ ಮಾತು ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ಫೋನ್ ಇಟ್ಟು ನನ್ನತ್ತ ತಿರುಗಿದಳು.

"ನಾ ಒಬ್ಬಾಕಿನ ಹೋದ್ರ ತಣ್ಣಗ. ಮೆಕ್ಯಾನಿಕ್ ಕುಂತ್ರ ತಣ್ಣಗ. ಯವ್ವ ಕುಂತ್ರ ಬಿಸಿ. ಹಂಗಂದ್ರ ಗಾಡಿ ಕೆಟ್ಟಿಲ್ಲಲೇ."

"ಮತ್ತ ಅವ್ವ ಕೆಟ್ಟಾಳೇನು?" ಎಂದೆ.

ಅಕ್ಕ ಪರೀಕ್ಷೆಗೇ ಇಳಿದಳು. ಹಿಂದಿನ ಸೀಟಿನ ಭಾರಕ್ಕೆ ಹಳೇ ಇಂಜಿನ್ನು ಸೋಲುತ್ತಿದೆಯೇನೋ ಎಂದು, ಅವ್ವನ ತೂಕದಷ್ಟು ಅಕ್ಕಿ ಚೀಲಗಳನ್ನು ಅದೇ ಜಾಗದಲ್ಲಿಟ್ಟು ಜಾಲಹಳ್ಳಿಯವರೆಗೆ ಓಡಿಸಿದಳು. ಅಕ್ಕಿ ಚೀಲಗಳು ತಣ್ಣಗೆ ಕೂತು ಜಾಲಹಳ್ಳಿ ನೋಡಿಕೊಂಡು ಬಂದವು. ನಾನು ಹೊಟ್ಟೆ ಹಿಡಿದು ನಕ್ಕೆ. ಆದರೆ ಮನಸ್ಸಿನಲ್ಲಿ ಅವಳಿಗೆ ಕೈ ಮುಗಿದೆ. ನಾನಾಗಿದ್ದರೆ ಆ ಹೊತ್ತಿಗೆ ಕಾರನ್ನು ಗುಜರಿಗೆ ಹಾಕಿರುತ್ತಿದ್ದೆ.

ಆಪರೇಷನ್ನಿಗೆ ಮೊದಲಿನ ಕೊನೆಯ ತಪಾಸಣೆಯ ದಿನ ಅಕ್ಕ ಕೀಲಿಯನ್ನು ನನ್ನ ಕೈಗೆ ಕೊಟ್ಟು, ತಾನು, ಅಲ್ಲಿಯವರೆಗೆ ಅವ್ವ ಒಬ್ಬಳೇ ಕೂರುತ್ತಿದ್ದ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತಳು. ಊರು ದಾಟಿತು. ಕನ್ನಡಿಯಲ್ಲಿ ನೋಡಿದರೆ ಅಕ್ಕ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡುತ್ತಿದ್ದಾಳೆ. ಅವ್ವನ ಬಲಗೈ ಸೆರಗಿನ ಕೆಳಗಿತ್ತು. ಆ ಕೈ ಸದ್ದಾಗದಂತೆ ಬಾಗಿಲಿನ ಹಿಡಿಕೆ ತಿರುವುತ್ತಿತ್ತು. ಗಾಜು ಎರಡು ಬೆರಳಿನಷ್ಟು ಇಳಿಯಿತು. ಅವ್ವ ಮುಖವನ್ನು ಆ ಸಂದಿಗೆ ಒಡ್ಡಿ ಕೂತಳು. ಇಳಿಯುವ ಮೊದಲೇ ಮತ್ತೆ ಏರಿಸಿಬಿಡುತ್ತಿದ್ದಳೇನೋ, ಇಷ್ಟು ದಿನ ನಮಗೆ ಕಂಡೇ ಇರಲಿಲ್ಲ. ಬೆಂಕಿಯಂಥ ಗಾಳಿ ಒಳಗೆ ನುಗ್ಗುತ್ತಿದೆ, ಎ.ಸಿ. ಬಡಪಾಯಿ ಅದನ್ನೇ ಎಳೆದುಕೊಂಡು ತಂಪು ಮಾಡಲು ಒದ್ದಾಡುತ್ತಿದೆ!

"ಯವ್ವಾ, ಗಾಜು ಯಾಕ ಇಳಿಸಿದಿ?" ಎಂದಳು ಅಕ್ಕ ಮೆತ್ತಗೆ.

ಅವ್ವ ಬೆಚ್ಚಿದಳು, ಆದರೆ ಸೋಲಲಿಲ್ಲ. "ಕೂಲರ್ ಹಚ್ಚಿದಾಗ ಕಿಟಕಿ ತೆಗಿಬೇಕಿಲ್ಲೇನು? ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು? ನೌಕರಿ ಮಾಡ್ತೀರಿ, ಇಷ್ಟೂ ತಿಳಿಯಂಗಿಲ್ಲ ನಿಮಗ!"

ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತಿದು. ಕೂಲರ್ ಹಾಕಿದಾಗ ಎದುರಿನ ಕಿಟಕಿ ತೆರೆಯದಿದ್ದರೆ ಮನೆಯೆಲ್ಲ ಜಿಗಿಜಿಗಿ. ನಾನು "ಅಯ್ಯೋ ನನ್ನವ್ವಾ! ಇದು ಕೂಲರ್ ಅಲ್ಲಬೇ!" ಎಂದು ಕೂಗುತ್ತ ಸ್ಟೇರಿಂಗ್ ಬಡಿದು ನಕ್ಕೆ. ಮುಗಿಯಿತು, ರೋಗ ಸಿಕ್ಕಿತು ಎಂದುಕೊಂಡೆ. ಅಕ್ಕ ನಗಲಿಲ್ಲ.

"ಕೂಲರ್ ಮಾತು ಖರೇ ಅದ ಬಿಡು. ಆದ್ರ ಕದ್ದು ಯಾಕ ಇಳಿಸ್ತಿ?"

ಅವ್ವ ಹಿಡಿಕೆಯಿಂದ ಕೈ ತೆಗೆಯಲಿಲ್ಲ. "ಗಾಜು ಮುಚ್ಚಿದ್ರ ನಾ ಎಲ್ಲಿದೀನಿ ಅಂತ ತಿಳಿಯಂಗಿಲ್ಲ. ತೆಗದ್ರ, ಕಾಲುವಿ ಬಂತು, ಗಬ್ಬೂರ ಬಂತು, ಮಿರ್ಚಿ ಕರಿಯಾಕತ್ತಾರ, ಹುಲ್ಲಿನ ಬಣವಿ ಬಂತು ಅಂತ ವಾಸನಿಗೆ ಗೊತ್ತಾಕ್ಕದ. ಮುಚ್ಚಿದ್ರ ಕತ್ತಲ. ಎದಿ ಹೊಡಕೊಂತದ ನನಗ."

ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.  ಅವಳಿಗೆ ಅಷ್ಟು ಕಡಿಮೆ ಕಾಣಿಸುತ್ತಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಕೇಳಿದಾಗಲೆಲ್ಲ "ಕಾಣ್ತದ, ಕಾಣ್ತದ" ಎನ್ನುತ್ತಿದ್ದಳು. ಆಪರೇಷನ್ನಾಗಿ ಬರುವಾಗಲೂ ಹೀಗೇ ಗಾಜು ಇಳಿಸಿದ್ದರೆ, ಟ್ರ್ಯಾಕ್ಟರು ಎಬ್ಬಿಸುವ ಆ ಧೂಳಿನಲ್ಲಿ ಏನಾಗುತ್ತಿತ್ತೋ ನೆನೆಸಿಕೊಳ್ಳಲೂ ಭಯವಾಯಿತು. ನಾನು ಗದರಲು ಬಾಯಿ ತೆರೆದೆ. ಅಕ್ಕ ನನ್ನ ಭುಜ ಅದುಮಿ, ಅವ್ವನ ಕೈಯನ್ನು ಹಿಡಿಕೆಯ ಮೇಲೇ ಇಟ್ಟುಕೊಂಡು ಜೊತೆಗೆ ತಿರುವಿದಳು.

"ಗಾಜು ಏರಿಸು ಯವ್ವಾ. ದಾರಿ ನಾ ಹೇಳ್ತೀನಿ."

ಹೇಳಿದಳು ನೋಡಿ! ಆಪರೇಷನ್ ಆದ ಮರುದಿನ ಕಣ್ಣಿಗೆ ಪಟ್ಟಿ ಕಟ್ಟಿದ ಅವ್ವನನ್ನು ಕೂರಿಸಿಕೊಂಡು ಹೊರಟಾಗ, ಆಸ್ಪತ್ರೆಯ ಗೇಟಿನಿಂದ ದೇವದುರ್ಗದ ಮನೆಬಾಗಿಲ ತನಕ ಅಕ್ಕನ ಬಾಯಿ ನಿಲ್ಲಲಿಲ್ಲ. "ಈಗ ಬಲಕ್ಕ ಹತ್ತಿ-ಅರಳಿ ಅಂಗಡಿ. ಹತ್ತಿ ಗಾಡಿ ಮುಂದ ಹೊಂಟದ. ಕಲ್ಮಲಾ ಬಂತು. ಇಲ್ಲೊಬ್ಬಾಕಿ ಕಲ್ಲಂಗಡಿ ಮಾರಾಕತ್ತಾಳ, ಕುಪ್ಪಸ ಹಸಿರದ." ಅವ್ವ ಬಿಡುವವಳೇ? "ಕಾಲುವ್ಯಾಗ ನೀರದಾವೇನು? ಹುಲ್ಲು ಯಾರ ಹೊಲದಾಗ ಒಟ್ಟ್ಯಾರ?" ಎಂದು ತಿರುಗಿ ತಿರುಗಿ ಕೇಳುತ್ತಿದ್ದಳು. ಅಕ್ಕನಿಗೆ ಗಂಟಲು ಒಣಗಿ ಕೆಮ್ಮು ಬರುತ್ತಿತ್ತು, ಒಂದು ಗುಟುಕು ನೀರು ಕುಡಿದು ಮತ್ತೆ ಹೇಳುತ್ತಿದ್ದಳು. ಮೆಕ್ಯಾನಿಕ್ಕನ ಎ.ಸಿ. ತಣ್ಣಗೆ ಬೀಸುತ್ತಿತ್ತು. ನನ್ನಕ್ಕನಂಥವಳು ಈ ಲೋಕದಲ್ಲಿ ಇನ್ನೊಬ್ಬಳಿಲ್ಲ ಎಂದು ನನಗೆ ಅನ್ನಿಸಿದ್ದು ಆವತ್ತು. ಮುಂದಿನ ತಪಾಸಣೆಗಳಿಗೂ ಹೀಗೇ ಹೋದೆವು, ಹೀಗೇ ಬಂದೆವು.

ಕಣ್ಣಿನ ಗಾಯ ಸರಿಯಾಗಿ ಕೂಡಿದೆ, ಇನ್ನು ಹೆದರಿಕೆಯಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವ್ವನಿಗೆ ಹೊಸ ಕನ್ನಡಕ ಬಂತು. ಕಾರು ಹತ್ತಿಸಿ, ಅವಳು ಮನಸಾರೆ ದಾರಿ ನೋಡಲೆಂದು ನಾನು ನಿಧಾನಕ್ಕೆ ಓಡಿಸಿದೆ. ಗದ್ದೆ, ಕಾಲುವೆ, ಬಣವೆ, ಎಲ್ಲ ಒಂದೊಂದಾಗಿ ಬಂದು ಹೋದವು. ಕನ್ನಡಿಯಲ್ಲಿ ನೋಡಿದರೆ ಅವ್ವ ಹೊರಗೆ ನೋಡುತ್ತಲೇ ಇಲ್ಲ. ಪಕ್ಕದಲ್ಲಿ ಕೂತ ಅಕ್ಕನ ಮುಖವನ್ನೇ ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ.

"ಏನ್ ಯವ್ವಾ? ಹೊರಗ ನೋಡು" ಎಂದಳು ಅಕ್ಕ.

ಅವ್ವ ಕೈಯೆತ್ತಿ ಅಕ್ಕನ ಬೈತಲೆಯ ಮೇಲೆ ಬೆರಳಾಡಿಸಿದಳು.

"ದಾರಿಗುಂಟ ಎಲ್ಲಾ ಹೇಳಿದಿ. ನಿನ್ನ ತಲಿ ಇಷ್ಟು ಬೆಳ್ಳಗಾಗೇದ ಅಂತ ಯಾಕ ಹೇಳಲಿಲ್ಲ ನನ್ನವ್ವಾ?"